ಎರಡೂ ಕಾಲಿಗೆ ಟೇಪು

ಪರ್ರ್ ಎಂದು ಟೇಪು ಹರಿದ ಸದ್ದು, ಹಲ್ಲಿನಲ್ಲಿ ಹರಿದದ್ದು, ಕತ್ತರಿಗೆ ಇಷ್ಟು ಒರಟು ದನಿ ಇರುವುದಿಲ್ಲ — ಕೋಚ್ ತಲೆ ಎತ್ತಲಿಲ್ಲ, ಮೇಜಿನ ಮೇಲೆ ಫುಟ್‌ಬಾಲ್ ತಂಡದ ಹನ್ನೊಂದು ಹೆಸರಿನ ಹಾಳೆ, ಹತ್ತು ತುಂಬಿದೆ, ಎಂಟನೆಯ ನಂಬರಿನ ಎದುರು ಖಾಲಿ, ಹಾಳೆ ಕೊಡಲು ಇನ್ನು ಕಾಲು ಗಂಟೆ, ಆಟಕ್ಕೆ ಒಂದೂಕಾಲು, ಮತ್ತೆ ಪರ್ರ್, ಇದು ಇನ್ನೊಂದು ಕಾಲಿಗೆ. ಆಗ ತಲೆ ತಾನಾಗಿಯೇ ಎದ್ದಿತು. ಬೆಂಚಿನ ತುದಿಯಲ್ಲಿ ಬುಗುರಿ, ಚೆಂಡು ಸಿಕ್ಕರೆ ನಿಂತಲ್ಲೇ ಗಿರ್ರನೆ ತಿರುಗಿ ಮೂವರನ್ನು ದಾಟುವವನೆಂದು ತಂಡದವರೇ ಇಟ್ಟ ಹೆಸರು, ಇಪ್ಪತ್ತೆರಡರ ಪ್ರಾಯ, ಎರಡೂ ಪಾದದ ಕೀಲಿಗೆ ಬಿಳಿ ಟೇಪು ಸುತ್ತಿ ಕೂತಿದ್ದಾನೆ, ಒಂದರಷ್ಟೇ ಇನ್ನೊಂದು, ಅಳತೆ ಹಿಡಿದ ಹಾಗೆ. ಎರಡೂ ಕಾಲಿಗೆ ಟೇಪು ಅಂದರೆ ಒಂದು ಕಾಲು ಹೋಗಿದೆ ಅಂತ. ಒಂದಕ್ಕೇ ಸುತ್ತಿದರೆ ಎದುರಾಳಿ ಅದನ್ನೇ ಹುಡುಕಿ ಒದೆಯುತ್ತಾನೆ, ಕೋಚಿನ ಕಣ್ಣಿಗೂ ಬೀಳುತ್ತದೆ, ಎರಡಕ್ಕೂ ಸುತ್ತಿದರೆ ಅಭ್ಯಾಸ ಸಾರ್, ಬಿಗಿಯಾಗಿದ್ರೆ ಒಂದು ಧೈರ್ಯ ಅಂದುಬಿಡಬಹುದು. ಈ ವಿದ್ಯೆಯನ್ನು ಕೋಚಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇದರಲ್ಲೇ ಹುಟ್ಟಿ ಇದರಲ್ಲೇ ಕೆಟ್ಟವನು.

ಕಾಲು ಹೇಗಿದೆಯೋ, ಕೇಳಿದ್ದು ಕೋಚ್, ಫಸ್ಟ್ ಕ್ಲಾಸ್ ಸಾರ್, ಬುಗುರಿ ಎದ್ದು ನಿಂತು ಎರಡು ಸಲ ಹಾರಿ ತೋರಿಸಿದ, ಹಾರುವುದು ಸುಲಭ, ಇಳಿಯುವಾಗ ನೋಡಬೇಕು, ಇಳಿಯುವಾಗ ಭಾರವೆಲ್ಲ ಬಲಗಾಲಿಗೆ. ಇವತ್ತೇ ಬೇಕಾಗಿತ್ತೇ ಇದು. ಮೇಲೆ ಗ್ಯಾಲರಿಯಲ್ಲಿ ರಾಷ್ಟ್ರೀಯ ತಂಡಕ್ಕೆ ಆಯ್ಕೆ ಮಾಡುವವರು ಇಬ್ಬರು ಬಂದು ಕೂತಿದ್ದಾರೆ, ಬುಗುರಿಯನ್ನು ನೋಡಲೆಂದೇ, ಅವರು ಮತ್ತೆ ಬರುವುದು ಮುಂದಿನ ವರ್ಷವೋ, ಬರುವುದೇ ಇಲ್ಲವೋ. ಕ್ಲಬ್ಬಿನ ಅಧ್ಯಕ್ಷರು ಬೆಳಿಗ್ಗೆ ಹೆಗಲ ಮೇಲೆ ಕೈಯಿಟ್ಟು, ಇವತ್ತು ಸೋತ್ರೆ ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ ಕೋಚ್ ಅವರೇ, ಪಾಪ, ಎಷ್ಟೂಂತ ದುಡೀತೀರಿ ಅಂದಿದ್ದರು — ಹೀಗೆ ಮೂರು ಕ್ಲಬ್ಬುಗಳು ವಿಶ್ರಾಂತಿ ಕೊಟ್ಟಿವೆ ಇವನಿಗೆ, ವಿಶ್ರಾಂತಿ ತಗೊಂಡು ತಗೊಂಡೇ ಸುಸ್ತಾಗಿ ಹೋಗಿದ್ದಾನೆ. ಸುಸ್ತು ಎಲ್ಲಕ್ಕೂ, ಈ ಮುಲಾಮಿನ ವಾಸನೆಗೆ, ಒದ್ದೆ ಸಿಮೆಂಟು ನೆಲಕ್ಕೆ, ಗೆಲ್ಲಲೇಬೇಕು ಹುಡುಗರಾ ಎಂದು ಪ್ರತಿ ವಾರ ಹೊಸದಾಗಿ ಹೇಳಬೇಕಾದ ಹಳೇ ಮಾತಿಗೆ. ಮನೆಯಲ್ಲಿ ಹೆಂಡತಿ, ಏನ್ರೀ ಇದು, ಏಡಿ ತರ ಅಡ್ಡಡ್ಡ ಇಳೀತೀರಲ್ಲ, ಮೆಟ್ಟಿಲೇನು ನಿಮ್ಮನ್ನ ಕಚ್ಚುತ್ತಾ, ನಕ್ಕೇ ಹೇಳುವುದು, ಆದರೆ ಕೆಳಗಿನ ಮೆಟ್ಟಿಲಲ್ಲಿ ಕೈ ಚಾಚಿ ನಿಂತಿರುತ್ತಾಳೆ. ಇವನ ಎಡಗಾಲಿನಲ್ಲಿ ಒಂದು ತಗಡು, ಆರು ಸ್ಕ್ರೂ. ದೇಶಕ್ಕೆ ಆಡಿದ್ದು ನಲವತ್ಮೂರು ಪಂದ್ಯ, ನಲವತ್ತನಾಲ್ಕನೆಯದು ಬರಲೇ ಇಲ್ಲ.

ನಲವತ್ಮೂರನೆಯದು ಸೆಮಿಫೈನಲ್, ಅವತ್ತೂ ಎರಡೂ ಕಾಲಿಗೆ ಟೇಪು, ಅವತ್ತಿನ ಕೋಚನ್ನು ತಂಡವೆಲ್ಲ ದೊಡ್ಡಪ್ಪ ಎನ್ನುತ್ತಿತ್ತು, ನಿದ್ದೆಯಲ್ಲೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುತ್ತಿದ್ದ ಮನುಷ್ಯ, ಏನಯ್ಯಾ, ಕಾಲು ನೆಟ್ಟಗಿದೆಯಾ ಎಂದು ಕುರ್ಚಿಯಿಂದಲೇ ಕೇಳಿದ್ದರು, ಇವನು ಕುದುರೆ ತರ ಇದೆ ದೊಡ್ಡಪ್ಪ ಎಂದು ಕುಣಿದು ತೋರಿಸಿದ್ದ, ಎಪ್ಪತ್ತನೇ ನಿಮಿಷದಲ್ಲಿ ಕುದುರೆ ಕುಸಿಯಿತು, ಕಳಕ್ ಎಂದದ್ದು ಗ್ಯಾಲರಿಗೇ ಕೇಳಿತಂತೆ. ಆಸ್ಪತ್ರೆಗೆ ಬಂದ ದೊಡ್ಡಪ್ಪ ಕಿತ್ತಳೆ ಹಣ್ಣು ಸುಲಿಯುತ್ತಾ ಕೂತರು, ಒಂದನ್ನೂ ಇವನಿಗೆ ಕೊಡದೆ, ತಾವೂ ತಿನ್ನದೆ, ಆರು ಹಣ್ಣು ಸುಲಿದಿಟ್ಟು ಎದ್ದು ಹೋದರು. ಇವನಿಗೇ ಅಯ್ಯೋ ಅನ್ನಿಸಿತ್ತು, ಪಾಪ, ಆ ಮುದುಕನಿಗೆ ಟೋಪಿ ಹಾಕಿದೆನಲ್ಲ ಎಂದು. ಇಪ್ಪತ್ತಾರು ವರ್ಷ ಅದನ್ನೇ ಹೇಳಿಕೊಂಡು ಬಂದ, ಸ್ನೇಹಿತರೆದುರು ನಗುತ್ತಾ, ಹೆಂಡತಿಯೆದುರು ನಿಟ್ಟುಸಿರಿಟ್ಟು, ತಪ್ಪು ನಂದೇ ಕಣೇ, ದೊಡ್ಡಪ್ಪನಿಗೆ ಗೊತ್ತೇ ಆಗದ ಹಾಗೆ ಮಾಡಿದ್ದೆ.

ಬುಗುರಿ ಬೂಟು ಹಾಕುತ್ತಿದ್ದಾನೆ. ಬಲಗಾಲಿನ ಲೇಸು ಮೇಲಿನ ತೂತಿನವರೆಗೂ, ಎಡಗಾಲಿನದು ಎರಡು ತೂತು ಬಿಟ್ಟು, ಊದಿದ ಕೀಲು ಹಿಡಿಸಬೇಕಲ್ಲ, ಆ ಎರಡು ಖಾಲಿ ತೂತು ಈ ಕುರ್ಚಿಯಿಂದ ಎಷ್ಟು ಸ್ಪಷ್ಟ, ನೋಡಬಾರದೆಂದರೂ ಕಾಣುತ್ತದೆ, ಹಣೆಯ ಬೆವರೂ, ಬಗ್ಗುವಾಗ ಬಿಗಿಹಿಡಿದ ಉಸಿರೂ. ಈ ಕುರ್ಚಿಯಿಂದ ಎಲ್ಲವೂ ಕಾಣುತ್ತದೆ. ಎಲ್ಲವೂ — ಹಾಗಾದರೆ ಅವತ್ತು ದೊಡ್ಡಪ್ಪನಿಗೂ. ಇವನ ಕೈಯಲ್ಲಿ ಪೆನ್ನು ನಿಂತಿತು. ಗೊತ್ತಿತ್ತು. ಗೊತ್ತಿದ್ದೇ ಹೆಸರು ಬರೆದರು, ಗೊತ್ತಿದ್ದೇ ಕಿತ್ತಳೆ ಸುಲಿದರು, ಟೋಪಿ ಹಾಕಿಸಿಕೊಂಡವನು ಇವನು. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಸುಸ್ತೇ ಬಂತು. ಬಾಗಿಲಲ್ಲಿ ಪಂದ್ಯದ ಅಧಿಕಾರಿ, ಕೋಚ್ ಸಾಹೇಬ್ರೇ, ಹಾಳೆ ಕೊಟ್ಟುಬಿಡಿ, ಟೈಮಾಯ್ತು, ಬುಗುರಿ ಇತ್ತ ನೋಡುತ್ತಿದ್ದಾನೆ, ಉಸಿರಾಡದೆ, ಮೇಲೆ ಗ್ಯಾಲರಿಯಲ್ಲಿ ಅವನ ಇಡೀ ಮುಂದಿನ ಬದುಕು ಕಾಲ ಮೇಲೆ ಕಾಲು ಹಾಕಿಕೊಂಡು ಕಾಯುತ್ತಿದೆ, ಬೇಡ ಅಂದರೆ ಹುಡುಗ ಇವನ ಮುಖವನ್ನು ಜನ್ಮದಲ್ಲಿ ನೋಡಲಿಕ್ಕಿಲ್ಲ, ಬಿಚ್ಚು ಟೇಪನ್ನ, ಅಷ್ಟೇ ಹೇಳಬೇಕಾದದ್ದು, ಎರಡು ಪದ, ನಾಲಿಗೆಯ ತುದಿಯಲ್ಲೇ ಇದ್ದವು. ಎಂಟನೆಯ ನಂಬರಿನ ಎದುರು ಹೆಸರು ಬರೆದ, ಸಹಿ ಹಾಕಿದ, ಹಾಳೆ ಬಾಗಿಲು ದಾಟಿತು.

ಥ್ಯಾಂಕ್ಯೂ ಸಾರ್, ಬುಗುರಿ ಚಟಕ್ಕನೆ ಗೋಡೆಯ ಕಡೆ ತಿರುಗಿಕೊಂಡ, ಕೋಚಿಗೆ ಮುಖ ಕಾಣಬಾರದೆಂದು, ಆದರೆ ಆ ಗೋಡೆಯಲ್ಲಿ ನಲ್ಲಿಯ ಮೇಲೆ ಕನ್ನಡಿ, ಕನ್ನಡಿಯಲ್ಲಿ ಒಂದು ನಗು. ಗೆದ್ದವನ ನಗು, ಸಾರ್‌ಗೆ ಗೊತ್ತೇ ಆಗಲಿಲ್ಲ ಎನ್ನುವ ನಗು. ಇನ್ನೂ ಹೊತ್ತು ಮೀರಿಲ್ಲ, ವಾರ್ಮ್ ಅಪ್‌ನಲ್ಲಿ ಪೆಟ್ಟಾಯಿತೆಂದು ಬೇರೆಯವನನ್ನು ಇಳಿಸಬಹುದು, ನಿಯಮದಲ್ಲೇ ಇದೆ, ಯಾರೂ ಕೇಳುವುದಿಲ್ಲ, ಈ ಕುರ್ಚಿಯಿಂದ ಏಳಬೇಕು, ಎದ್ದು ಒಂದು ಮಾತು, ಹೊರಗೆ ಬೂಟುಗಳು ಸಿಮೆಂಟಿನ ಮೇಲೆ ಟಕಟಕ ಹೊರಟವು, ಅದರಲ್ಲೊಂದು ಅರೆಕ್ಷಣ ತಡವಾಗಿ ಬೀಳುತ್ತಿದೆ, ಏಳಬೇಕು, ದೊಡ್ಡಪ್ಪನೂ ಹೀಗೇ ಕೂತಿದ್ದರೇನೋ, ಅವರ ಕೋಣೆಯಲ್ಲೂ ಕನ್ನಡಿ ಇತ್ತೇನೋ, ಏಳಬೇಕು, ಕನ್ನಡಿ ಈಗ ಖಾಲಿ, ಖಾಲಿ ಕನ್ನಡಿಯಲ್ಲಿ ಆ ನಗು, ಏಳಬೇಕು, ಆ ನಗು.