ಬಂಡೆಯ ಮೇಲಿನ ಮೈದಾನಕ್ಕೆ ಒಂದು ಪತ್ರ

ಡಾಕ್ಟರು ಎಂದರೆ ಹಲ್ಲಿನ ಡಾಕ್ಟರು. ಮೂವತ್ತೆಂಟು ವರ್ಷ ಊರಿನ ಬಾಯಿಗಳನ್ನೆಲ್ಲ ತೆರೆಸಿದವರು. ಅವರು ಕಿತ್ತ ಹಲ್ಲುಗಳನ್ನು ಸಾಲಾಗಿ ಜೋಡಿಸಿದ್ದರೆ ರೈಲು ನಿಲ್ದಾಣದಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ವಾಪಸ್ ಬಂದರೂ ಇನ್ನೊಂದು ಬುಟ್ಟಿ ಉಳಿಯುತ್ತಿತ್ತು. ಹಲ್ಲು ಹೋದದ್ದು ರೋಗಿಗೆ ತಿಳಿಯುತ್ತಿದ್ದುದು ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆಯೇ. ಅಂಥ ಕೈ ಅದು.

ಆ ಕೈ ಈಗ ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ಸವರುತ್ತಿತ್ತು. ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಕನ್ನಡಕದ ಪೆಟ್ಟಿಗೆ, ಒಂದು ಗಾಲ್ಫ್ ಚೆಂಡು ಮತ್ತು ಹೆಂಡತಿಯ ಕಾಫಿ ಲೋಟ. ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಏಳು ದಿನ, ಐದು ಗಾಲ್ಫ್ ಮೈದಾನ. ಅಲ್ಲಿ ವರ್ಷಕ್ಕೆ ಮುನ್ನೂರು ದಿನ ಬಿಸಿಲು ಎಂದು ಕರಪತ್ರ ಹೇಳುತ್ತಿತ್ತು. ಡಾಕ್ಟರ ಬಾಯಲ್ಲಿ ಅದು ಮುನ್ನೂರ ಎಂಬತ್ತಾಗುತ್ತಿತ್ತು. ಹೋಗಬೇಕಾದವರು ಮೂವರೇ: ಅವರು, ಅವರ ಹೆಂಡತಿ ಮತ್ತು ಹೆಂಡತಿಯ ತಮ್ಮ. ಆದರೆ ಡಾಕ್ಟರು ತಯಾರಿ ನಡೆಸಿದ್ದು ನೋಡಿದರೆ ಮೂರು ಲಕ್ಷ ಸೈನಿಕರನ್ನು ದಡ ಸೇರಿಸುವವರಂತಿತ್ತು. ಯಾವ ಮೈದಾನಕ್ಕೆ ಬೆಳಿಗ್ಗೆ, ಯಾವುದಕ್ಕೆ ಸಂಜೆ, ಎಲ್ಲಿ ಗಾಳಿ ಸಮುದ್ರದ ಕಡೆಯಿಂದ, ಎಲ್ಲಿ ನೆರಳಿಗೆ ಮರವಿದೆ, ಎಲ್ಲವೂ ಬಾಯಿಪಾಠ.

ಬಾಯಿಪಾಠ ಮಾಡಿದ್ದಕ್ಕೆ ಕಾರಣವಿತ್ತು. ನಕ್ಷೆ ಅವರಿಗೆ ಕಾಣುತ್ತಿರಲಿಲ್ಲ.

ಹೋದ ವರ್ಷ ಕಣ್ಣಿನ ತಜ್ಞರು ಮೆಲ್ಲಗೆ ಹೇಳಿದ್ದರು. ದೃಷ್ಟಿಯ ನಡುಭಾಗ ಸವೆಯುತ್ತಿದೆ, ಅಂಚು ಮಾತ್ರ ಉಳಿಯುತ್ತದೆ ಎಂದು. ನೆಟ್ಟಗೆ ನೋಡಿದ್ದು ಬೂದಿಯ ಮುದ್ದೆ. ಕತ್ತು ಓರೆ ಮಾಡಿ ಬೇರೆಲ್ಲೋ ನೋಡಿದರೆ ಪಕ್ಕದಲ್ಲಿ ಅದೇ ವಸ್ತು ಕಳ್ಳನಂತೆ ಇಣುಕುತ್ತದೆ. ಈ ವರ್ಷದ ಚಳಿಗಾಲದ ಹೊತ್ತಿಗೆ ಆ ಇಣುಕೂ ಮಸುಕಾಗಬಹುದು ಎಂದಿದ್ದರು ತಜ್ಞರು. ಡಾಕ್ಟರು ಬೆನ್ನುನೋವು ಎಂದು ಊರಿಗೆಲ್ಲ ಸಾರಿ ಕ್ಲಿನಿಕ್ಕಿಗೆ ಬೀಗ ಹಾಕಿದರು. ನಿಜ ಗೊತ್ತಿದ್ದುದು ಹೆಂಡತಿಗೆ ಮಾತ್ರ. ಗಾಲ್ಫ್ ಬಿಡಲಿಲ್ಲ. ಅದೊಂದು ಕೈಯಲ್ಲಿರುವ ತನಕ ತಾನು ತಾನೇ ಎಂಬ ಧೈರ್ಯ. ಕತ್ತಲಾಗುವ ಮುನ್ನ ಒಂದು ಸಲ, ಬಂಡೆಯ ಮೇಲಿನ ಆ ಪ್ರಸಿದ್ಧ ಮೈದಾನದಲ್ಲಿ, ಕೆಳಗೆ ನೀಲಿ ಸಮುದ್ರ ಕಣ್ಣಂಚಿನಲ್ಲಾದರೂ ಮಿನುಗುತ್ತಿರುವಾಗ, ಸರಿಸಮ ಆಟಗಾರನಾಗಿ ಆಡಬೇಕು. ಅವರಿಗೆ ಬೇಕಿದ್ದುದು ಇಷ್ಟೇ. ಯಾರ ಕನಿಕರವೂ ಇಲ್ಲದೆ ಬೇಕಿತ್ತು.

ಹೆಂಡತಿಯ ತಮ್ಮ ಗಡಿಯಾರ ರಿಪೇರಿಯವನು. ನಿಂತು ಹೋದ ಗಡಿಯಾರ ಅವನ ಅಂಗಡಿಯ ಮುಂದೆ ಹಾದು ಹೋದರೆ ಸಾಕು, ಹೆದರಿ ತಾನೇ ನಡೆಯತೊಡಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಭಾವನ ಜೊತೆ ಆಡುತ್ತಿದ್ದ. ಭಾವ ಭಾವಮೈದರ ಜಗಳ ಕೇಳಲೆಂದೇ ಕ್ಲಬ್ಬಿನ ಮಾಲಿ ಆ ಹೊತ್ತಿಗೆ ಅಲ್ಲೇ ಹುಲ್ಲು ಕತ್ತರಿಸುತ್ತಿದ್ದ. ಪ್ರವಾಸದ ತಯಾರಿಯಲ್ಲೂ ಅದೇ ಜಗಳ. ಬಾಡಿಗೆ ಕಾರನ್ನು ಯಾರು ಓಡಿಸಬೇಕು ಎಂಬುದಕ್ಕೆ ಡಾಕ್ಟರು ಬೆನ್ನುನೋವಿನ ನೆಪ ಹೇಳಿ ಅವನಿಗೇ ಬಿಟ್ಟರು. ನೀನು ಓಡಿಸಿದರೆ ನಾವು ತಲುಪುವಷ್ಟರಲ್ಲಿ ಸಮುದ್ರ ಬತ್ತಿರುತ್ತೆ ಎಂದು ಚುಚ್ಚಲು ಮರೆಯಲಿಲ್ಲ. ಎರಡು ದಿನವಾದರೂ ಚೆಂಡಿನ ಮುಖ ನೋಡದೆ ಕೂರುವಂತಿರಬೇಕು ಎಂದು ಅಕ್ಕ ಪಟ್ಟು ಹಿಡಿದಳು. ಸಿಕ್ಕಿತು.

ಆಮೇಲೆ ಬಂಡೆಯ ಮೇಲಿನ ಮೈದಾನದವರು ಒಂದು ಕಾಗದ ಕೇಳಿದರು. ಹ್ಯಾಂಡಿಕ್ಯಾಪ್ ಪ್ರಮಾಣಪತ್ರ. ಪ್ರತಿ ಆಟಗಾರನ ಮಟ್ಟಕ್ಕೂ ಕ್ಲಬ್ಬು ಕೊಡುವ ಸಂಖ್ಯೆ ಅದು. ಕಮ್ಮಿಯಾದಷ್ಟೂ ಆಟಗಾರ ದೊಡ್ಡವನು. ಇಪ್ಪತ್ತಕ್ಕಿಂತ ಮೇಲಿದ್ದರೆ ಅವರು ಒಳಗೆ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಡಾಕ್ಟರದು ಹತ್ತೊಂಬತ್ತಿತ್ತು. ಈಗ ಇಪ್ಪತ್ತರ ಗೆರೆ ದಾಟಿರುತ್ತದೋ ಏನೋ ಎಂದುಕೊಳ್ಳುತ್ತಲೇ ಹೆಂಡತಿಯ ತೋಳು ಹಿಡಿದು ಕ್ಲಬ್ಬಿನ ಕಚೇರಿಗೆ ಹೋದರು.

ಗುಮಾಸ್ತ ಕಂಪ್ಯೂಟರ್ ನೋಡಿ, ಎದ್ದು ನಿಂತು ಕೈ ಕುಲುಕಿದ. ಹನ್ನೆರಡು, ಡಾಕ್ಟರೇ, ಅಂದ. ಅರವತ್ತೆಂಟರ ವಯಸ್ಸಿನಲ್ಲಿ ಹನ್ನೆರಡು. ಉತ್ಸಾಹ ತಡೆಯಲಾರದೆ ಬಂಡೆಯ ಮೈದಾನಕ್ಕೆ ಅಲ್ಲಿಂದಲೇ ಪ್ರಮಾಣಪತ್ರ ಕಳಿಸಿಯೂ ಬಿಟ್ಟ. ಹೆಂಡತಿಗೆ ಈ ಸಂಖ್ಯೆಗಳ ಗೊಡವೆಯಿರಲಿಲ್ಲ. ಒಳ್ಳೆಯದೇ ಆಯ್ತಲ್ಲ ಅಂದಳು.

ಡಾಕ್ಟರು ನಗಲಿಲ್ಲ. ಇಪ್ಪತ್ತು ಹೆಜ್ಜೆಯಾಚೆ ಚೆಂಡು ಕಾಣದ ಮನುಷ್ಯ ತಾನು. ಹೊಡೆದ ಮೇಲೆ, ಎಲ್ಲಿ ಬಿತ್ತಯ್ಯ, ಎಂದು ಭಾವಮೈದನನ್ನೇ ಪರೀಕ್ಷಿಸುವವರಂತೆ ಕೇಳುವುದು ವಾಡಿಕೆ ಮಾಡಿಕೊಂಡಿದ್ದರು. ಅವನು ಪ್ರತಿ ಸಲವೂ, ನೆಟ್ಟಗೆ ಹೋಯ್ತು ಭಾವ, ಅನ್ನುತ್ತಿದ್ದ. ನಡೆದು ಹೋದರೆ ಚೆಂಡು ನೆಟ್ಟಗೇ ಇರುತ್ತಿತ್ತು. ಬುದ್ಧಿವಂತಿಕೆಯಿಂದ ಅವನ ಕಣ್ಣು ತಪ್ಪಿಸಿದೆ ಎಂದು ಅವರು ಒಳಗೊಳಗೇ ಬೀಗಿದ್ದೂ ಉಂಟು.

ಹೊರಗಿನ ಬೆಂಚಿನ ಮೇಲೆ ಕೂತು, ಕಳೆದ ಎಂಟು ತಿಂಗಳ ಅಂಕದ ಚೀಟಿಗಳನ್ನು ತರಿಸಿ, ಹೆಂಡತಿಯ ಕೈಯಲ್ಲಿ ಓದಿಸಿದರು. ಗಾಲ್ಫಿನಲ್ಲಿ ನಿಮ್ಮ ಅಂಕ ಬರೆಯುವವನು ಜೊತೆಗಾರ. ನೀವು ನೋಡಿ ಕೆಳಗೆ ರುಜು ಹಾಕಬೇಕು. ಒಂದೊಂದು ಕುಳಿಗೂ ಚೆಂಡು ಸೇರಿಸಲು ಹಿಡಿದ ಹೊಡೆತ ನಾಲ್ಕು, ಐದು, ನಾಲ್ಕು, ಮೂರು ಎಂದು ಅವಳು ಓದುತ್ತ ಹೋದಳು. ಕಣ್ಣು ಚೆನ್ನಾಗಿದ್ದಾಗಲೂ ಅವರಿಗೆ ಬೀಳದಿದ್ದ ಅಂಕಗಳು. ಎಲ್ಲ ಭಾವಮೈದನ ದುಂಡು ಅಕ್ಷರ. ಎಲ್ಲದರ ಕೆಳಗೂ ಓದದೆ ಹಾಕಿದ ಡಾಕ್ಟರ ರುಜು.

ಹತ್ತನೇ ಚೀಟಿಗೆ ಅವಳ ದನಿ ನಿಂತಿತು. ಮುಂದೆ ಓದಬೇಡ, ಅಂದರು.

ಗಡಿಯಾರದ ಅಂಗಡಿ ಆ ಬೀದಿಯ ಕೊನೆಯಲ್ಲಿತ್ತು. ಹೆಂಡತಿ ಬಾಗಿಲವರೆಗೆ ಬಿಟ್ಟು ಹೊರಗೇ ನಿಂತಳು. ಒಳಗೆ ಇನ್ನೂರು ಗಡಿಯಾರ ಇನ್ನೂರು ಬಗೆಯಲ್ಲಿ ಟಿಕ್ಕೆನ್ನುತ್ತಿದ್ದವು. ಭಾವಮೈದ ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಇಕ್ಕಳದಲ್ಲಿ ಹಿಡಿದಿದ್ದ. ಭಾವನ ಮುಖ ನೋಡಿದವನೇ ತಿರುಪನ್ನು ಮುಚ್ಚಳದೊಳಗಿಟ್ಟು, ಬಾಗಿಲಿನ ಫಲಕವನ್ನು 'ಮುಚ್ಚಿದೆ' ಎಂದು ತಿರುಗಿಸಿದ.

"ಯಾವಾಗಿಂದ ಗೊತ್ತು?" ಡಾಕ್ಟರು ಕೇಳಿದರು.

ಅವನು ಸುಳ್ಳಿಗೆ ಹುಡುಕಲಿಲ್ಲ. ಎಂಟು ತಿಂಗಳ ಹಿಂದೆ, ಮಳೆ ಬಂದ ಮಾರನೇ ದಿನ, ಭಾವ ಒಂದು ಬಿಳಿ ಅಣಬೆಯ ಮುಂದೆ ಕಾಲು ಅಗಲಿಸಿ ನಿಂತು, ಕೋಲು ಎತ್ತಿ ಗುರಿ ಹಿಡಿದಿದ್ದರಂತೆ. ಚೆಂಡು ನಾಲ್ಕು ಅಡಿ ಆಚೆಗಿತ್ತು. ಅವನು ಕೆಮ್ಮಿ, ಮಾತಿಗೆಳೆದು, ಅಣಬೆ ಕಿತ್ತು ಆ ಜಾಗಕ್ಕೆ ಚೆಂಡಿಟ್ಟ. ಅಂದಿನಿಂದ ಭಾವ ಬಳಸುವ ಚೆಂಡುಗಳನ್ನೇ ಡಜನ್ನುಗಟ್ಟಲೆ ತಂದು, ಭಾವನ ಗುರುತಿನ ಕೆಂಪು ಚುಕ್ಕಿಯನ್ನು ಅದೇ ಜಾಗಕ್ಕೆ ಇಟ್ಟು, ಪ್ಯಾಂಟಿನ ಜೇಬು ಹೊಲಿಸಿ ದೊಡ್ಡದು ಮಾಡಿಸಿಕೊಂಡ. ಪೊದೆಗೆ ಹೋದದ್ದು ಪೊದೆಗೆ, ಜೇಬಿನದು ಹುಲ್ಲಿಗೆ. ಈ ಎಂಟು ತಿಂಗಳಲ್ಲಿ ಆ ಕಾಡಿನಲ್ಲಿ ಸೇರಿದ ಚೆಂಡುಗಳನ್ನು ಕೂಡಿಸಿದರೆ ಪ್ರತಿ ಮೊಲಕ್ಕೂ ತಲಾ ನಾಲ್ಕು ಬರುತ್ತಿತ್ತು. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

"ನಿಮ್ಮ ಕ್ಲಿನಿಕ್ ಮುಚ್ಚಿದ ದಿನ ನೀವು ಹೇಗಿದ್ರಿ ಅಂತ ನಾನು ನೋಡಿದ್ದೆ ಭಾವ. ಇದೂ ಹೋದ್ರೆ ಮನೇಲಿ ಕೂತ್ಬಿಡ್ತಿದ್ರಿ."

ಡಾಕ್ಟರು ಸ್ಟೂಲಿನ ಮೇಲೆ ಕೂತರು. ಕೇಳಬೇಕಾದದ್ದು ಇನ್ನೊಂದಿತ್ತು. ಕೇಳದೆ ಮನೆಗೆ ಹೋಗಿಬಿಡಬಹುದಿತ್ತು. ಏಳನೇ ಕುಳಿಯಲ್ಲಿ, ಮೂರು ತಿಂಗಳ ಹಿಂದೆ, ಅವರು ಹೊಡೆದ ಒಂದೇ ಹೊಡೆತಕ್ಕೆ ಚೆಂಡು ಕುಳಿ ಸೇರಿತ್ತು. ಲಕ್ಷ ಹೊಡೆತಕ್ಕೊಂದು ಆಗುವಂಥದು. ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಅವರ ಹೆಸರು ಬರೆಸಿದ್ದರು. ಅವತ್ತಿನಿಂದ ಇವತ್ತಿನವರೆಗೆ, ಬೆಳಿಗ್ಗೆ ಕಣ್ಣು ತೆರೆದು ಬೂದಿಯ ಮುದ್ದೆ ಕಂಡಾಗಲೆಲ್ಲ, ಅವರು ಮೊದಲು ನೆನೆಸಿಕೊಳ್ಳುತ್ತಿದ್ದುದು ಅದನ್ನೇ.

"ಏಳನೇದು?"

ಭಾವಮೈದ ಭೂತಗನ್ನಡಿ ಕಳಚಿ ಮೇಜಿನ ಮೇಲಿಟ್ಟ. ಇನ್ನೂರು ಗಡಿಯಾರ ಮಾತಾಡಿದವು.

"ಅದಾದ್ರೂ ನಿಜ ಏನಯ್ಯ?"

"ಇಲ್ಲ ಭಾವ."

ಚೆಂಡು ಕೊಳಕ್ಕೆ ಬಿದ್ದಿತ್ತು. ಜೇಬಿನದನ್ನು ಕುಳಿಯಿಂದ ಮಾರು ದೂರದಲ್ಲಿ ಇಡೋಣವೆಂದು ಬಗ್ಗಿದ್ದ. ಕೈ ಜಾರಿತು. ಸಾಸಿವೆಗಿಂತ ಸಣ್ಣ ತಿರುಪನ್ನು ನಲವತ್ತು ವರ್ಷ ಜಾರಗೊಡದ ಕೈ ನಿಂಬೆಹಣ್ಣಿನಷ್ಟು ದೊಡ್ಡ ಚೆಂಡನ್ನು ಜಾರಗೊಟ್ಟಿತು. ಅದು ಉರುಳಿ ಒಳಗೇ ಬಿತ್ತು. ತೆಗೆಯುವಷ್ಟರಲ್ಲಿ ಭಾವ ಬಂದು, ಎಂದಿನ ತಮಾಷೆಯಂತೆ, ಮೊದಲು ಕುಳಿಯಲ್ಲೇ ನೋಡೋಣ ಎಂದು ಕೈ ಹಾಕಿದರು. ಚೆಂಡು ಕೈಗೆ ಸಿಕ್ಕಿತು. ಅಲ್ಲೇ ಹುಲ್ಲಿನ ಮೇಲೆ ಮೊಣಕಾಲೂರಿ ಅತ್ತರು. ಆಮೇಲೆ ನಿಜ ಬಾಯಿ ಬಿಡುವ ಗಂಡಸು ಈ ಭೂಮಿಯ ಮೇಲೆ ಹುಟ್ಟಿಲ್ಲ.

ಡಾಕ್ಟರು ಬೈಯಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದ ಭಾವಮೈದ, ಬೈದಿದ್ದರೆ ಹಗುರವಾಗುತ್ತಿದ್ದ. ಎದ್ದು ಬಾಗಿಲಿಗೆ ಕೈ ತಡಕುತ್ತ ಅವರಂದದ್ದು ಇಷ್ಟು:

"ನಾಳೆ ಬೆಳಿಗ್ಗೆ ಆಡೋಣ. ಜೇಬು ಖಾಲಿ ಇರ್ಲಿ. ನಂಗಿಂತ ಮುಂದೆ ಒಂದು ಹೆಜ್ಜೆ ಇಡಬೇಡ. ಕಂಡದ್ದು ಕಂಡ ಹಾಗೆ ಹೇಳು. ಸುಳ್ಳು ಹೇಳಿದ್ರೆ ನಿನ್ನ ಹಲ್ಲು ಕೀಳ್ತೀನಿ, ಮರಗಟ್ಟಿಸೋ ಮದ್ದಿಲ್ಲದೆ."

ಮರುದಿನ ಬೆಳಿಗ್ಗೆ ನಡೆದ ಆಟದಷ್ಟು ಕೆಟ್ಟ ಆಟ ಆ ಮೈದಾನದ ಹುಲ್ಲು ಮೊಳೆತ ದಿನದಿಂದ ನಡೆದಿರಲಿಲ್ಲ. ಮಾಲಿ ಹುಲ್ಲಿನ ಯಂತ್ರ ನಿಲ್ಲಿಸಿ, ಟೋಪಿ ತೆಗೆದು, ಶವಯಾತ್ರೆಗೆ ದಾರಿ ಬಿಡುವವನಂತೆ ಪಕ್ಕಕ್ಕೆ ನಿಂತ. ಹೆಂಡತಿ ಹಿಂದೆ ಹಿಂದೆ ನಡೆದಳು. ಭಾವಮೈದನಿಗೆ ನಿಜ ಹೇಳುವುದು ಮೊದಮೊದಲು ಬರಲೇ ಇಲ್ಲ. ಎಂಟು ತಿಂಗಳ ರೂಢಿ ನಾಲಿಗೆಯ ಮೇಲೆ ಕೂತಿತ್ತು. 'ನೆಟ್ಟ' ಎಂದು ಶುರು ಮಾಡಿ ನುಂಗಿಕೊಂಡ. ಎಡಕ್ಕೆ, ಪೊದೆ, ಅಂದ. ಆಮೇಲೆ, ಹದಿನೈದೇ ಹೆಜ್ಜೆ, ಅಂದ. ಆಮೇಲೆ, ಕೋಲು ತಾಗಲೇ ಇಲ್ಲ ಭಾವ, ಚೆಂಡು ಅಲ್ಲೇ ಇದೆ, ಅಂದ. ಪ್ರತಿ ಸಲವೂ ಡಾಕ್ಟರು ತಲೆಯಾಡಿಸಿ, ಬರಿ, ಅನ್ನುತ್ತಿದ್ದರು. ಏಳನೇ ಕುಳಿಯಲ್ಲಿ ಮೂರು ಚೆಂಡು ಕೊಳಕ್ಕೆ ಹೋದವು. ಮೂರರ ಸದ್ದನ್ನೂ ಅವರು ನಿಂತು ಕೇಳಿಸಿಕೊಂಡರು. ಹತ್ತನೇ ಕುಳಿ ಮುಗಿಯುವ ಹೊತ್ತಿಗೆ ಸೂರ್ಯ ಮೇಲೇರಿ ಅಂಚಿನ ನೋಟವೂ ಉರಿಯತೊಡಗಿತು. ಸಾಕು ಅಂತೀರಾ ಎಂದು ಹೆಂಡತಿ ಕೇಳಿದ್ದಕ್ಕೆ, ಹದಿನೆಂಟರಲ್ಲಿ ಇನ್ನೂ ಎಂಟಿದೆಯಲ್ಲ, ಅಂದರು.

ಹದಿನಾರನೆಯದರಲ್ಲಿ ಕೋಲಿನಿಂದ ಬೇರೆಯೇ ಸದ್ದು ಬಂತು.

"ನೆಟ್ಟಗೆ ಭಾವ."

ಡಾಕ್ಟರು ಅವನ ಕಡೆ ಕತ್ತು ಓರೆ ಮಾಡಿ ನಿಂತರು. ಈ ಎರಡು ಮಾತನ್ನು ಅವರು ಎಂಟು ತಿಂಗಳು ನಂಬಿದ್ದರು. ಹೆಂಡತಿಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಇಬ್ಬರನ್ನೂ ಅಲ್ಲೇ ನಿಲ್ಲಿಸಿ ಒಬ್ಬರೇ ಹೊರಟರು. ಕೋಲಿನಿಂದ ಹುಲ್ಲು ತಟ್ಟುತ್ತ, ಹೆಜ್ಜೆ ಎಣಿಸುತ್ತ. ನೂರು. ನೂರಿಪ್ಪತ್ತು. ಹಿಂದಿನಿಂದ ಭಾವಮೈದ, ಸ್ವಲ್ಪ ಬಲಕ್ಕೆ ಎಂದು ಒಂದೇ ಸಲ ಕೂಗಿದ. ನೂರ ಮೂವತ್ತೊಂದನೇ ಹೆಜ್ಜೆಗೆ ಬೂಟಿಗೆ ಏನೋ ತಾಗಿತು. ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು. ಹಾಗೇ ಬಗ್ಗಿಕೊಂಡು ಇದ್ದರು. ದೂರದಲ್ಲಿ ನಿಂತ ಇಬ್ಬರೂ ಹತ್ತಿರ ಹೋಗಲಿಲ್ಲ.

ಒಟ್ಟು ನೂರ ನಲವತ್ತೆರಡು ಹೊಡೆತ. ಡಾಕ್ಟರು ಆ ಚೀಟಿಯನ್ನು ಕಚೇರಿಗೆ ಒಯ್ದು, ಹಳೆಯ ಚೀಟಿಗಳನ್ನೆಲ್ಲ ರದ್ದು ಮಾಡಿ ಎಂದರು. ಹಲಗೆಯ ಮೇಲಿನ ಹೆಸರನ್ನೂ ಅಳಿಸಿ ಎಂದರು. ಹೆಸರು ಬರೆಯುವುದಕ್ಕೆ ನಿಯಮವಿದೆ, ಅಳಿಸುವುದಕ್ಕೆ ಇಲ್ಲ ಎಂದು ಗುಮಾಸ್ತ ಕಂಗಾಲಾದ. ಹಾಗಾದರೆ ನಿಯಮ ಮಾಡಿ, ನಾನು ಕಾಯ್ತೀನಿ, ಎಂದು ಅಲ್ಲೇ ಕೂತರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೇಂಟರ್ ಬಂದ.

ಸಂಜೆ ಮತ್ತೆ ಊಟದ ಮೇಜು. ಉಳಿದ ನಾಲ್ಕು ಮೈದಾನಗಳು ಯಾವ ಕಾಗದವನ್ನೂ ಕೇಳಿರಲಿಲ್ಲ. ಬಂಡೆಯ ಮೇಲಿನದನ್ನು ಸುಮ್ಮನೆ ಬಿಟ್ಟುಬಿಡೋಣ, ಏನಾದರೂ ನೆಪ ಬರೆದರಾಯಿತು ಎಂದ ಭಾವಮೈದ. ಬೆನ್ನುನೋವು ಅಂತ ಬರೀಲಾ ಎಂದೂ ಕೇಳಿದ. ಅವನ ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು.

"ಪೆನ್ನು ತಗೋ," ಅಂದರು ಡಾಕ್ಟರು. "ನಾನು ಹೇಳ್ತೀನಿ, ನೀನು ಬರಿ."

ಹೇಳಿದರು. ನಮ್ಮ ಕ್ಲಬ್ಬು ಕಳಿಸಿದ ಹನ್ನೆರಡು ಎಂಬ ಸಂಖ್ಯೆ ತಪ್ಪು. ಈಗಿನದು ಐವತ್ತರ ಹತ್ತಿರದ್ದು. ನಿಮ್ಮ ನಿಯಮದ ಪ್ರಕಾರ ನನಗೆ ಆಡುವ ಹಕ್ಕಿಲ್ಲ. ಆದರೂ ಕೇಳುತ್ತಿದ್ದೇನೆ. ದಿನದ ಕೊನೆಯ ಸರದಿ ಕೊಟ್ಟರೆ ನಮ್ಮ ಹಿಂದೆ ಯಾರೂ ಕಾಯಬೇಕಾಗುವುದಿಲ್ಲ. ಎಲ್ಲ ಕುಳಿಗಳೂ ಬೇಡ, ಸಮುದ್ರದ ಅಂಚಿನ ಮೂರು ಸಾಕು. ಆಗುವುದಿಲ್ಲವೆಂದರೆ ನನ್ನ ಭಾವಮೈದ ಒಬ್ಬನೇ ಆಡುತ್ತಾನೆ, ನಾನು ಜೊತೆಗೆ ನಡೆಯುತ್ತೇನೆ.

ಅಲ್ಲಿಗೆ ನಿಲ್ಲಿಸಿದರು. ಹೆಂಡತಿ ಕಾಫಿ ಲೋಟವನ್ನು ಅವರ ಕೈಗೆ ತಾಗುವಂತೆ ಸರಿಸಿದಳು. ಇದುವರೆಗೆ ಅವರು ಈ ಮನೆಯಲ್ಲೂ ಗಟ್ಟಿಯಾಗಿ ಆಡದ ಮಾತು ಒಂದಿತ್ತು. ಸಾವಿರ ಜನರ ಬಾಯಿ ತೆರೆಸಿದವರಿಗೆ ತಮ್ಮದನ್ನು ತೆರೆಯಲು ಆ ಹೊತ್ತು ಬೇಕಾಯಿತು.

"ನನಗೆ ಕಣ್ಣು ಹೋಗ್ತಾ ಇದೆ, ಅಂತ ಬರಿ."

ಭಾವಮೈದನ ಪೆನ್ನು ಕಾಗದದ ಮೇಲೆ ನಿಂತಿತು.

"ಬರಿಯಯ್ಯ. ನನ್ನ ಜೊತೆ ಒಬ್ಬ ಇರ್ತಾನೆ, ಚೆಂಡು ಎಲ್ಲಿ ಬಿತ್ತು ಅಂತ ಅವನು ಹೇಳ್ತಾನೆ, ಅಂತಾನೂ ಬರಿ."

ಬರೆದ. ಬರೆದದ್ದನ್ನು ಮೊದಲಿನಿಂದ ಒಂದಕ್ಷರ ಬಿಡದೆ ಓದಿ ಹೇಳಿದ. ಡಾಕ್ಟರು ಕೈ ಚಾಚಿದರು. ಅವನು ಪೆನ್ನು ಕೊಟ್ಟು, ರುಜು ಹಾಕುವ ಗೆರೆಯ ಮೇಲೆ ಅವರ ಬೆರಳನ್ನು ಇಟ್ಟ.