ಮಿಷನ್ ನಿಂತ ಮೇಲೆ

"ಪೆಟ್ರೋಲ್ ಮಿಷನ್ ಬೇಡ," ಎಂದ ಗುರುಪ್ರಸಾದ್. "ಅದನ್ನ ಸ್ಟಾರ್ಟ್ ಮಾಡಿದ್ರೆ ಇವಳು ಮಾತಾಡೋದು ಕೇಳ್ಸಲ್ಲ."

ಭದ್ರಾವತಿ ನ್ಯೂ ಟೌನಿನ ಆ ಹಳೇ ಕ್ವಾರ್ಟರ್ಸಿನ ಅಡುಗೆಮನೆಯ ಮೇಲೆ, ಮಧ್ಯಾಹ್ನದ ಗಾಳಿಗೆ ಮಳೆಮರ ಬುಡಸಮೇತ ಉರುಳಿತ್ತು. ಹೆಂಚು, ಜಂತಿಗಳ ಕೆಳಗೆ ಅವನ ಹೆಂಡತಿ ಭವಾನಿ ಸಿಕ್ಕಿಕೊಂಡಿದ್ದಳು. ಅಡುಗೆಕಟ್ಟೆಯ ಕಲ್ಲು ಮರದ ದಿಮ್ಮಿಯ ಭಾರ ಹೊತ್ತು ಅವಳನ್ನು ಅಷ್ಟರಮಟ್ಟಿಗೆ ಉಳಿಸಿತ್ತು. ಶಿವಮೊಗ್ಗದಿಂದ ಹೊರಟ ಅಗ್ನಿಶಾಮಕದ ಗಾಡಿ ದಾರಿಗೆ ಬಿದ್ದ ಮರಗಳ ಆಚೆ ನಿಂತಿತ್ತು. ಕೈಗೆ ಸಿಕ್ಕವನು ಪಕ್ಕದ ಬೀದಿಯಲ್ಲಿ ಕೊಂಬೆ ಕೊಯ್ಯುತ್ತಿದ್ದ ರುದ್ರೇಶ್. ಅವನ ಹತ್ತಿರ ಮರ ಕೊಯ್ಯುವ ಎರಡು ಚೈನ್‌ಸಾ ಮಿಷನ್ ಇದ್ದವು: ಹಳೆಯ ಪೆಟ್ರೋಲಿನದು, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೊಸದಾಗಿ ಕೊಂಡ ಬ್ಯಾಟರಿಯದು.

"ಸಾರ್, ಬ್ಯಾಟರೀದು ಕೊಂಬೆ ಸವರಕ್ಕೆ ಇರೋದು. ಬೆಳಗ್ಗಿಂದ ಓಡಿದೆ. ಚಾರ್ಜ್ ಮಾಡೋಣ ಅಂದ್ರೆ ಕರೆಂಟ್ ಕಂಬಾನೇ ಮಲಗಿದೆ. ಈ ದಿಮ್ಮಿಗೆ ಪೆಟ್ರೋಲ್‌ದೇ ಬೇಕು."

"ದಿಮ್ಮಿ ಜರುಗಿದ್ರೆ ಅವಳ ಮೇಲೇ ಕೂರುತ್ತೆ. ಒತ್ತುತ್ತಿದೆ ಅಂತ ಅವಳೇ ಹೇಳ್ಬೇಕಲ್ಲ ಮಾರಾಯ. ಕೇಳಿಸ್ದೆ ಹೇಗೆ ಕೊಯ್ತೀಯ?"

ಮಾತಿನಲ್ಲಿ ಭವಾನಿಯನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಹಾಲಿನವನು, ಪೇಪರಿನವನು, ತಪ್ಪಿ ಗೇಟು ತೆಗೆದ ಕೊರಿಯರ್‌ನವನು, ಯಾರೂ ಹಾಗೇ ಹೋದದ್ದಿಲ್ಲ. ಒಂದು ಗಳಿಗೆ ಸುಮ್ಮನಿರು ಮಾರಾಯ್ತಿ ಎಂದು ಗುರುಪ್ರಸಾದ್ ದಿನಾ ಗೋಗರೆಯುತ್ತಿದ್ದ. ಈಗ ಆ ಮಾತು ಎಲ್ಲಿ ನಿಂತುಬಿಡುತ್ತದೋ ಎಂದು ಹೆಂಚಿನ ಸಂದಿಗೆ ಕಿವಿಯಿಟ್ಟು ಕೂತಿದ್ದ.

ಕೊನೆಗೆ ಬ್ಯಾಟರಿಯದೇ ಆಯಿತು. ರುದ್ರೇಶ್ ಒಂದಿಷ್ಟು ಕೊಯ್ದು ಬೆರಳು ಬಿಡುತ್ತಿದ್ದ, ಕೂಡಲೇ ಸದ್ದು ಅಡಗುತ್ತಿತ್ತು.

"ಒತ್ತುತ್ತಾ ಅಕ್ಕ?"

"ಇಲ್ಲಪ್ಪ, ಕೊಯ್ಯಿ. ರೀ, ಸಾರು ಕುದಿಯಕ್ಕಿಟ್ಟಿದ್ದೆ."

"ಸಾರು ಹಾಳಾಗ್ಲಿ ಕಣೇ."

"ಬೆಳಗ್ಗಿಂದ ಒಬ್ಬಳೇ ದುಡಿದಿದ್ದೀನಿ, ಹಾಳಾಗ್ಲಿ ಅಂತೀರಲ್ಲ."

ನೆರೆಮನೆಯ ಹಾಲಮ್ಮ ಅಳುತ್ತಲೇ ನಕ್ಕಳು. ದಿಮ್ಮಿ ಅರ್ಧಕ್ಕೆ ಬಂದಾಗ ಮಿಷನ್ ನಿಧಾನವಾಯಿತು, ಮುಲುಕಿತು, ನಿಂತಿತು. ರುದ್ರೇಶ್ ಮತ್ತೆ ಮತ್ತೆ ಗುಂಡಿ ಒತ್ತಿದ. ಮರದೊಳಗೆ ಎಲ್ಲೋ ಲಟಕ್ಕೆಂದಿತು.

"ಅರ್ಧ ಕೊಯ್ದಿದ್ದು ಕಾಯಲ್ಲ ಸಾರ್, ತಾನಾಗೇ ಮುರಿಯುತ್ತೆ. ಮೊದ್ಲೇ ಪೆಟ್ರೋಲ್‌ದು ಹಿಡಿದಿದ್ರೆ ಇಷ್ಟೊತ್ತಿಗೆ..." ಎಂದವನು ಗುರುಪ್ರಸಾದನ ಮುಖ ನೋಡಿ, ನಿಂತ ಮಿಷನ್ ಎಳೆದು ತೆಗೆದ.

"ಪೆಟ್ರೋಲ್‌ದೇ ಸ್ಟಾರ್ಟ್ ಮಾಡಪ್ಪ," ಎಂದಳು ಭವಾನಿ. ದನಿ ಇಳಿದಿತ್ತು. "ಇವರನ್ನ ಕೇಳ್ತಾ ಕೂರಬೇಡ. ರೀ, ಆ ಸಂದೀಲಿ ಕೈ ಹಾಕಿ. ಒತ್ತಿದ್ರೆ ಬೆರಳು ಹಿಸುಕ್ತೀನಿ. ನೀವು ಇನ್ನೊಂದು ಕೈ ಎತ್ತಿ."

ಅವನು ಬೋರಲು ಮಲಗಿ ಭುಜದವರೆಗೆ ತೋಳು ತೂರಿಸಿದ. ಅಕ್ಕಿಹಿಟ್ಟು ಮೆತ್ತಿದ ಬೆರಳುಗಳು ಅವನ ಬೆರಳನ್ನು ಹುಡುಕಿ ಹಿಡಿದವು.

ಪೆಟ್ರೋಲ್ ಮಿಷನ್ ಅಬ್ಬರಿಸಿತು. ಸ್ವಲ್ಪದರಲ್ಲೇ ಅವಳು ಹಿಸುಕಿದಳು, ಅವನು ಕೈ ಎತ್ತಿದ. ರುದ್ರೇಶ್ ನಿಲ್ಲಿಸಿ, ದಿಮ್ಮಿಯ ಅಡಿಗೆ ಮರದ ಬೆಣೆ ಬಡಿದು ಮತ್ತೆ ಶುರುಮಾಡಿದ. ಗುರುಪ್ರಸಾದ್ ಬಾಯಿಗೆ ಬಂದದ್ದು ಮಾತಾಡತೊಡಗಿದ. ಸಾರು ನಾನೇ ಮಾಡ್ತೀನಿ, ನಾಳೆಯಿಂದ ಎದುರು ಮಾತಾಡಲ್ಲ, ಏನೇನೋ. ಅವನ ಮಾತು ಅವನಿಗೇ ಕೇಳುತ್ತಿರಲಿಲ್ಲ.

ಆಮೇಲೆ ಅವಳ ಹಿಡಿತ ಸಡಿಲವಾಯಿತು.

ಹಿಸುಕಿದರೆ ಕೈ ಎತ್ತಬೇಕೆಂದು ಮಾತಾಗಿತ್ತು. ಬಿಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅವನು ಕೈ ಎತ್ತಲಿಲ್ಲ. ಸಡಿಲವಾದ ಬೆರಳುಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಂಡ.

ದಿಮ್ಮಿ ತುಂಡಾಯಿತು. ಜನ ಸೇರಿ ಅದನ್ನು ಆಚೆಗೆ ಉರುಳಿಸಿದರು. ರುದ್ರೇಶ್ ಮಿಷನ್ ಆರಿಸಿ, ಬಗ್ಗಿ ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಮಿಷನ್ ನಿಂತಿದೆ ಕಣೇ," ಎಂದ ಗುರುಪ್ರಸಾದ್, ಕೈ ಹೊರಗೆ ತೆಗೆಯದೆ. "ಈಗ ಮಾತಾಡು."

ಅವನ ತೋಳಿನ ಮೇಲೆ ಮರದ ಪುಡಿ ಇನ್ನೂ ಉದುರುತ್ತಿತ್ತು.