ಗಂಟಿಗೆ ಹೋದ ದಾರ

ದರ್ಜಿಯ ಮಗಳು ಮತ್ತೊಮ್ಮೆ ಲೆಕ್ಕ ಮಾಡಿದಳು. ಮತ್ತೆ ಹತ್ತು ಪಾಯಿಂಟ್ ನಾಲ್ಕೇ ಬಂತು. ಭೂಮಿಯ ಸೆಳೆತಕ್ಕೆ ಪುಸ್ತಕದಲ್ಲಿದ್ದದ್ದು ಒಂಬತ್ತು ಪಾಯಿಂಟ್ ಎಂಟು. ಅವಳ ಲೋಲಕ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೇಜಿನಂಚಿನಲ್ಲಿ ತೂಗುತ್ತಿತ್ತು.

ಹಿಂದಿನ ಎರಡು ಪ್ರಯೋಗಗಳೂ ಕೆಟ್ಟಿದ್ದವು. ಇದೂ ಕೈಕೊಟ್ಟರೆ ಭೌತಶಾಸ್ತ್ರ ಬಿಡಿಸಿ ಬೇರೆ ವಿಷಯಕ್ಕೆ ಹಾಕುವುದಾಗಿ ಮೇಷ್ಟ್ರು ಹೇಳಿದ್ದರು. ಗದರಿ ಹೇಳಿದ್ದರೆ ಅತ್ತಾದರೂ ಬಿಡಬಹುದಿತ್ತು. ಅವರು ಮರುಕದಿಂದ ಹೇಳಿದ್ದರು.

ಪಕ್ಕದವಳು ಅವಳತ್ತ ಬಾಗಿದಳು. ಪಾಠವನ್ನೆಲ್ಲ ಬಾಯಿಪಾಠ ಒಪ್ಪಿಸುವ ಅವಳಿಗೆ ತರಗತಿಯಲ್ಲಿ ‘ಗಿಣಿ’ ಎಂದೇ ಹೆಸರು.

“ಇನ್ನೂ ಒದ್ದಾಡ್ತಾ ಇದ್ದೀಯಾ? ಉತ್ತರದಿಂದ ಹಿಂದಕ್ಕೆ ಬಾರೇ. ಎಷ್ಟು ಸೆಕೆಂಡ್ ಬೇಕೋ ಅಷ್ಟು ಬರ್ಕೊ.”

“ಗಡಿಯಾರ ಅಷ್ಟು ತೋರಿಸ್ಲಿಲ್ವಲ್ಲ.”

“ಗಡಿಯಾರ ಬಂದು ಸಾಕ್ಷಿ ಹೇಳುತ್ತಾ? ಎಲ್ಲರೂ ಹಾಗೇ ಬರೆದಿರೋದು ಕಣೇ. ನೀನೊಬ್ಬಳು ಸತ್ಯದ ಮೊಮ್ಮಗಳು.”

ದರ್ಜಿಯ ಮಗಳು ರಬ್ಬರನ್ನು ಅಂಕಿಯ ಮೇಲಿಟ್ಟಳು. ಉಜ್ಜಿದರೆ ತಪ್ಪಿದ್ದೆಲ್ಲಿ ಎಂಬುದು ಎಂದಿಗೂ ತಿಳಿಯದು. ಉಜ್ಜದಿದ್ದರೆ ಈ ಪ್ರಯೋಗಶಾಲೆಯೇ ಕೈತಪ್ಪಬಹುದು. ರಬ್ಬರ್ ಕೆಳಗಿಟ್ಟು ಮೇಷ್ಟ್ರ ಬಳಿಗೆ ಹೋದಳು.

“ಸರ್, ನಂದು ಹತ್ತು ಪಾಯಿಂಟ್ ನಾಲ್ಕು ಬಂದಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ.”

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. ಬೆಳಗಿನಿಂದ ಅವರ ಮುಂದೆ ಬಂದದ್ದೆಲ್ಲ ಒಂಬತ್ತು ಪಾಯಿಂಟ್ ಎಂಟೇ.

“ಸಮಯ ಸರಿ ಇದೆ. ಉದ್ದ ಹೇಗೆ ಅಳೆದೆ, ತೋರಿಸು.”

ಅವಳು ಉಂಡೆಯಲ್ಲಿ ಉಳಿದಿದ್ದ ದಾರವನ್ನು ಮೇಜಿನ ಮೇಲೆ ಚಾಚಿ, ಅಂಗೈಯಿಂದ ಸವರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಳು. “ಒಂದು ಮೀಟರ್ ಅಳೆದು ಕತ್ತರಿಸಿ, ಆಮೇಲೆ ಕಟ್ಟಿದೆ ಸರ್.”

“ಕಟ್ಟೋಕೆ ಮುಂಚೆನೇ ಅಳೆದ್ಯಾ? ಇದೇನು ಅಂಗಿ ಹೊಲಿಯೋದಾ?”

“ನಮ್ಮನೇಲಿ ಅದೇ ಕೆಲಸ ಸರ್. ಅಳೆದೇ ಕತ್ತರಿ ಹಾಕೋದು. ಹೊಲಿಗೆಗೆ ಅಂತ ಒಂಚೂರು ಜಾಸ್ತಿ...” ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಲೋಲಕದತ್ತ ಹೋಯಿತು. ಜಾರದಿರಲೆಂದು ಮೇಲೆ, ಕೆಳಗೆ ಸುತ್ತಿ ಸುತ್ತಿ ಗಂಟು ಬಿಗಿದಿದ್ದಳು. “ದಾರ ಗಂಟಿಗೆ ಹೋಗಿದೆ ಸರ್. ತೂಗ್ತಿರೋದು ಒಂದು ಮೀಟರ್ ಇಲ್ಲ.”

ಗಿಣಿ ಕಿಸಕ್ಕೆಂದಳು.

“ನಗೋದು ಆಮೇಲೆ,” ಎಂದು ಮೇಷ್ಟ್ರು ಅತ್ತ ತಿರುಗಿದರು. “ನಿನ್ನ ಲೋಲಕ ಎಲ್ಲಮ್ಮ?”

ಗಿಣಿಯ ಸ್ಟ್ಯಾಂಡಿನಲ್ಲಿ ದಾರವೇ ಇರಲಿಲ್ಲ.

ದರ್ಜಿಯ ಮಗಳು ತೂಗುವ ದಾರವನ್ನು ಮೇಲಿನ ಹಿಡಿಯಿಂದ ಗುಂಡಿನ ನಡುವಿನವರೆಗೆ ಅಳೆದು, ಹೊಸದಾಗಿ ಲೆಕ್ಕ ಹಾಕಿದಳು. ಒಂಬತ್ತು ಪಾಯಿಂಟ್ ಏಳು.

“ಇನ್ನೂ ಸ್ವಲ್ಪ ಕಮ್ಮಿ ಇದೆ ಸರ್. ಮತ್ತೆ ಅಳೀಲಾ?”

“ಕೈಯಲ್ಲಿ ಅಳೆದ್ರೆ ಅಷ್ಟೇ ಬರೋದು.” ಮೇಷ್ಟ್ರು ಸಹಿ ಹಾಕಿದರು. “ಮುಂದಿನ ವಾರ ಬೆಳಕಿನ ಪ್ರಯೋಗ. ಮಸೂರ ಒರೆಸೋ ಸರದಿ ನಿಂದು.”

ಅವಳು ಅಲ್ಲಿಂದ ಕದಲಲಿಲ್ಲ. “ಹಾಗಾದ್ರೆ ನಾನು ಬರಬಹುದಾ ಸರ್?”

“ನೀನು ಬರದಿದ್ರೆ ಅಷ್ಟೂ ಮಸೂರ ನಾನು ಒರೆಸ್ಲಾ?”